ಏವ್‌ಬರಿ: ಕಲ್ಲುಗಳ ನಡುವಣ ಹಳ್ಳಿ



1923ನೆಯ ಇಸವಿಯಲ್ಲಿ ಮಾರ್ಕೋನಿ ಸಂಸ್ಥೆಯವರು ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದ ಒಂದು ಬೋಳುಗುಡ್ಡದ ಮೇಲೆ ನಿಸ್ತಂತು ವಾರ್ತೆಯ ನಿಲಯವೊಂದನ್ನು ಕಟ್ಟಬೇಕೆಂದು ಯೋಚಿಸಿದರು. ಆ ಗುಡ್ಡಕ್ಕೆ ವಿಂಡ್‌ಮಿಲ್ ಹಿಲ್ ಎಂದು ಹೆಸರು. ಅಲ್ಲಿ ಬಹು ಪ್ರಾಚೀನರ ಕುರುಹುಗಳು ಹುದುಗಿವೆಯೆಂದು ಬಲ್ಲ ಕ್ರಾಫರ್ಡ್ ಎಂಬ ವಿದ್ವಾಂಸರು ಕೂಡಲೆ ಕೂಗೆಬ್ಬಿಸಿ, ಅಲೆಕ್ಸಾಂಡರ್ ಕೀಲರ್ ಎಂಬ ಧನಿಕರ ನೆರವನ್ನು ಕೋರಿದರು. ಕೀಲರರ ಮನೆತನ ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ ಕಿತ್ತಳೆಯ ಮಾರ್ಮಲೇಡನ್ನು ಮಾಡಿ ಮಾರಿ ಹೆಸರಾದುದು. ಅವರು 1924ರಲ್ಲಿ ಗುಡ್ಡವನ್ನೇ ಕೊಂಡುಬಿಟ್ಟರು. ನಿಸ್ತಂತುವಿನ ಮೂಲಕವೇ ತಮ್ಮೊಡನೆ ಮಾತನಾಡುತ್ತಿರುವ ನಾನು, ನಿಸ್ತಂತುವನ್ನು ಹಿಮ್ಮೆಟ್ಟಿಸಿದ ಗುಡ್ಡದಿಂದ ಕಥೆಯನ್ನು ಆರಂಭಿಸುವುದು ಕೃತಘ್ನತೆಯೆಂದು ತೋರಬಹುದು, ಕ್ಷಮಿಸಬೇಕು.

ಗುಡ್ಡದ ದಕ್ಷಿಣಕ್ಕೆ, ಒಂದು ಮೈಲಿಗೆ ಸ್ವಲ್ಪ ಮಿಕ್ಕ ದೂರದಲ್ಲಿ, ಏವ್‌ಬರಿ ಎಂಬ ಹಳ್ಳಿಯಿದೆ. ಲಂಡನ್ನಿಗೆ ಪಶ್ಚಿಮದಲ್ಲಿ ಸುಮಾರು 80 ಮೈಲಿ. ಇಂಗ್ಲೆಂಡಿನ ಎಲ್ಲ ಹಳ್ಳಿಗಳಂತೆ ಇಲ್ಲಿಯೂ ಒಂದು ಚರ್ಚು, ಒಂದು ಜಮೀನುದಾರನ ಮನೆ, ಒಂದು ಪಾನಗೃಹ, ಹುಲ್ಲು ಹೊದಿಸಿದ ಮಾಡಿನ ಕೆಲವು ಮನೆಗಳು, ಕುರಿ ಮೇಯುವ ಹಸಿರು. ಆದರೆ ಹಳ್ಳಿಯ ಒಂದು ಭಾಗ ಮಣ್ಣಿನ ದೊಡ್ಡ ಏರಿಯೊಳಗೆ ಕುಳಿತಿದೆ. ಏರಿಯ ಒಳಮಗ್ಗುಲಿಗೆ ಕಂದಕ. ಕಂದಕದ ಅಂಚಿನುದ್ದಕ್ಕೂ ಉಳಿಯ ಪೆಟ್ಟನ್ನೇ ಕಾಣದ ಬೂದುಬಣ್ಣದ ಮಹಾಶಿಲೆಗಳು. ಕೋಟೆಯಾದರೆ ಕಂದಕ ಹೊರಗಿರಬೇಕಷ್ಟೆ? ಇಲ್ಲಿ ಅದು ಒಳಗಿದೆ. ಆದುದರಿಂದ ಇದು ಶತ್ರುಗಳನ್ನು ತಡೆಯಲು ಕಟ್ಟಿದುದಲ್ಲವೆಂದು ವಿದ್ವಾಂಸರ ಅಭಿಪ್ರಾಯ. ಒಳಗಿನ ಬಯಲು ಸುಮಾರು 28 ಎಕರೆ. ಹೊರವೃತ್ತದಲ್ಲಿ ಮೊದಲು ಸುಮಾರು ನೂರು ಕಲ್ಲುಗಳಿದ್ದುವು; ಅದರೊಳಗೆ ಮತ್ತೆರಡು ಚಿಕ್ಕ ವೃತ್ತಗಳು. ಕೆಲವು ಕಲ್ಲುಗಳು 40 ಟನ್ನಿಗೂ ಮಿಕ್ಕ ತೂಕದವು. ಪ್ರಪಂಚವೆಲ್ಲ ಬಲ್ಲ ಸ್ಟೋನ್‌ಹೆಂಜ್ ಇಲ್ಲಿಂದ ದಕ್ಷಿಣಕ್ಕೆ ಇಪ್ಪತ್ತು ಮೈಲಿಯೊಳಗಿದೆ. ವಿಸ್ತಾರದಲ್ಲಿ ಅದು ಏವ್‌ಬರಿಯ ಒಂದು ಮೂಲೆಗೂ ಸಾಲದು.

ಕಂದಕವನ್ನು 1908 ರಿಂದ 1922 ರ ವರೆಗೆ ಬಿಡುವು ಬಿಡುವಾಗಿ ಅಗೆಸಿದ ಸೇಂಟ್ ಜಾರ್ಜ್ ಗ್ರೇ ಎಂಬವರು, ಅದರ ಮೂಲ ತಳ ಸುಮಾರು 30 ಅಡಿ ಆಳದಲ್ಲಿರುವುದನ್ನು ಕಂಡರು. ಈಗ ನಾವು ಕಾಣುವುದು ಮೂರರಲ್ಲೊಂದು ಪಾಲು ಮಾತ್ರ. ಮಿಕ್ಕುದನ್ನು ಮಳೆ ಗಾಳಿಗಳು ತುಂಬಿಬಿಟ್ಟಿವೆ. ಸೀಮೆಸುಣ್ಣದಂತಹ ಬಿಳಿಯ ನೆಲವನ್ನು ಇಷ್ಟು ಆಳಕ್ಕೆ ಅಗೆದವರ ಕೈಯಲ್ಲಿ ಲೋಹವೆಂಬುದು ಇರಲಿಲ್ಲ. ತಳದಲ್ಲಿ ಸಿಕ್ಕಿದುವು ಕೆಂಜಿಂಕೆಯ ಕೊಂಬುಗಳು. ಅವೇ ಆ ಜನರ ಗುದ್ದಲಿ. ಕ್ರಿಸ್ತಪೂರ್ವ 2600ರ ಆಸುಪಾಸಿನ ಹಲವು ತಲೆಮಾರುಗಳಲ್ಲಿ ಈ ಕೆಲಸ ಹಂತಹಂತವಾಗಿ ನಡೆದಿರಬೇಕು.

ಸುತ್ತಮುತ್ತಣ ನೆಲ ಅದಕ್ಕೂ ಹಳೆಯದನ್ನು ಬಚ್ಚಿಟ್ಟಿದೆ. ವಿಂಡ್‌ಮಿಲ್ ಹಿಲ್ಲನ್ನು ಕೀಲರರು 1925 ರಿಂದ 1929 ರ ವರೆಗೆ ಅಗೆಸಿದಾಗ, ಒಂದರೊಳಗೊಂದಾಗಿ ಮೂರು ಸುತ್ತಿನ ಹಳ್ಳಗಳು ಹೊರಬಿದ್ದುವು. ಹಳ್ಳಗಳ ತುಂಬ ಮಡಕೆಯ ಚೂರು, ಚಕಮಕಿ ಕಲ್ಲಿನ ಉಪಕರಣ, ಎಲ್ಲಕ್ಕಿಂತ ಹೆಚ್ಚಾಗಿ ದನದ ಎಲುಬು. ದೂರದೂರದ ಕುಲದವರು ದನಗಳನ್ನು ಅಟ್ಟಿಕೊಂಡು ಬಂದು, ಕೆಲವು ದಿನ ಕೂಡಿದ್ದು, ಉಂಡು ಹಂಚಿ ಚದರುತ್ತಿದ್ದ ತಾಣವಿದು. ಕ್ರಿಸ್ತಪೂರ್ವ 37ನೆಯ ಶತಮಾನದ್ದು. ಅದೇ ಕಾಲದವರು ದಕ್ಷಿಣಕ್ಕೆ ವೆಸ್ಟ್ ಕೆನೆಟ್ ಎಂಬಲ್ಲಿ ಉದ್ದವಾದ ಮಣ್ಣುದಿಬ್ಬವೊಂದನ್ನು ಕಟ್ಟಿ, ಅದರ ಕಲ್ಲಿನ ಕೋಣೆಗಳಲ್ಲಿ ತಮ್ಮವರ ಅಸ್ಥಿಗಳನ್ನಿಟ್ಟರು. ಆ ಕೋಣೆಗಳು ಸಾವಿರ ವರ್ಷ ಹೆಣಗಳನ್ನು ತುಂಬಿಕೊಂಡುವೆಂದು ಬಹುಕಾಲ ನಂಬಲಾಗಿತ್ತು. ಈಚಿನ ಕಾಲಪರೀಕ್ಷೆಯಂತೆ, ಮೊದಲಿಗೆ ಅಲ್ಲಿಟ್ಟ ಮೂವತ್ತಾರು ಮಂದಿಯ ಶವಗಳು ಹೆಚ್ಚೆಂದರೆ ಒಂದು ತಲೆಮಾರಿನೊಳಗಿನವು. ಅಂದರೆ ಆ ಗೋರಿಯಲ್ಲಿರುವವರು ಒಬ್ಬರನ್ನೊಬ್ಬರು ಕಂಡು ಬಲ್ಲವರು.

ಸಿಲ್‌ಬರಿ ದಿಬ್ಬದ ಮಾತನ್ನು ಚಿಕ್ಕದಾಗಿ ಹೇಳಿ ಮುಂದುವರಿಯುತ್ತೇನೆ. ಸುಮಾರು 130 ಅಡಿ ಎತ್ತರದ ಈ ಕೃತಕ ಬೆಟ್ಟದೊಳಗೆ ಸಿಲ್ ಎಂಬ ರಾಜ ಕುದುರೆಯ ಮೇಲೆ ಕುಳಿತಂತೆಯೇ ಹೂತಿದ್ದಾನೆಂದು ಊರಿನವರ ಐತಿಹ್ಯ. 1776ರಲ್ಲಿ ನೆತ್ತಿಯಿಂದ ಬಾವಿ ತೋಡಿದರು. 1849ರಲ್ಲಿ ಪಕ್ಕದಿಂದ ಸುರಂಗ ಕೊರೆದರು. 1968ರಲ್ಲಿ ಮತ್ತೆ ಕೊರೆದರು. ರಾಜನೂ ಇಲ್ಲ, ಕುದುರೆಯೂ ಇಲ್ಲ. ಅಗೆದವರು ಬಿಟ್ಟುಹೋದ ಪೊಳ್ಳಿನಿಂದಾಗಿ 2000ದಲ್ಲಿ ದಿಬ್ಬದ ನೆತ್ತಿಯೇ ಕುಸಿಯಿತು. ಅದರ ಬುಡದಲ್ಲಿ ರೋಮನರ ಹೆದ್ದಾರಿಯ ಪಕ್ಕದಲ್ಲಿ ರೋಮನ್ ಕಾಲದ ಜನವಸತಿಯೊಂದು ಇದ್ದಿತೆಂಬುದು ಮಾತ್ರ ನೆಲವನ್ನು ಅಗೆಯದೆ, ಯಂತ್ರಗಳಿಂದ ಶೋಧಿಸಿ ತಿಳಿದ ಸಂಗತಿ.

ಇನ್ನು ಹಳ್ಳಿಗೆ ಹಿಂದಿರುಗೋಣ. ಸ್ಯಾಕ್ಸನ್ ಜನರು ಬಂದು ಏರಿಯ ಪಶ್ಚಿಮಕ್ಕೆ ನೆಲಸಿ, ಚರ್ಚನ್ನು ಕಟ್ಟಿಕೊಂಡರು. ಚರ್ಚು ಏರಿಯ ಹೊರಗಿದೆಯೆಂಬುದನ್ನು ಗಮನಿಸಬೇಕು. ಹಳ್ಳಿ ಬೆಳೆದು ಮೆಲ್ಲಮೆಲ್ಲನೆ ವೃತ್ತದೊಳಗೆ ಕಾಲಿಟ್ಟಿತು. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಊರಿನವರು ಕಲ್ಲುಗಳನ್ನು ಒಂದೊಂದಾಗಿ ಕೆಡಹಿ, ಪಕ್ಕದಲ್ಲಿ ಗುಂಡಿ ತೋಡಿ, ಹೂಳತೊಡಗಿದರು. ಕ್ರೈಸ್ತರಲ್ಲದವರ ದೇವರುಗಳ ಭಯದಿಂದಲೋ, ಉಳುಮೆಗೆ ನೆಲ ಬೇಕೆಂತಲೋ, ಎರಡನ್ನೂ ಹೇಳುವವರಿದ್ದಾರೆ.

1938ರಲ್ಲಿ ಕೀಲರರು ಇಂತಹ ಒಂದು ಕಲ್ಲನ್ನು ಎತ್ತಿಸಿದಾಗ ಅದರ ಕೆಳಗೆ ಒಬ್ಬ ಗಂಡಸಿನ ಅಸ್ಥಿಪಂಜರ ಸಿಕ್ಕಿತು. ಪಕ್ಕದಲ್ಲಿ ಒಂದು ಕತ್ತರಿ, ವೈದ್ಯರು ಗಾಯವನ್ನು ಶೋಧಿಸುವಂತಹ ಒಂದು ಕಬ್ಬಿಣದ ಕಡ್ಡಿ, ಹದಿನಾಲ್ಕನೆಯ ಶತಮಾನದ ಮೊದಲ ಭಾಗವನ್ನು ಸೂಚಿಸುವ ಮೂರು ಬೆಳ್ಳಿಯ ನಾಣ್ಯಗಳು. ಊರೂರು ತಿರುಗುವ ಕ್ಷೌರಿಕ ವೈದ್ಯನೊಬ್ಬ ಕಲ್ಲು ಕೆಡಹುವವರಿಗೆ ಕೈಕೊಡಲು ಹೋಗಿ ಅದರ ಅಡಿಗೆ ಸಿಕ್ಕಿ ಸತ್ತನೆಂದು ಕಥೆ ಹುಟ್ಟಿತು. 1941ರಲ್ಲಿ ಲಂಡನ್ನಿನ ಶಸ್ತ್ರವೈದ್ಯರ ಕಾಲೇಜಿನ ಮೇಲೆ ಬಾಂಬು ಬಿದ್ದಾಗ ಆ ಎಲುಬುಗಳು ನಾಶವಾದುವೆಂದೇ ಎಲ್ಲರೂ ತಿಳಿದಿದ್ದರು. 1990ರ ದಶಕದ ಕೊನೆಯಲ್ಲಿ ಅವು ಲಂಡನ್ನಿನ ಇನ್ನೊಂದು ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾದುವು. ಪರೀಕ್ಷಿಸಿ ನೋಡಿದರೆ ಕಲ್ಲಿನಡಿ ಸಿಕ್ಕಿ ಜಜ್ಜಿಹೋದ ಗುರುತೇ ಇಲ್ಲ! ಸತ್ತವನನ್ನು ಯಾರೋ ತಂದು ಆ ಗುಂಡಿಯಲ್ಲಿಟ್ಟಿರಬೇಕು. ಅರವತ್ತು ವರ್ಷ ಹೇಳಿದ ಕಥೆಯನ್ನು ಮಾತ್ರ ಹಳ್ಳಿ ಬಿಟ್ಟುಕೊಟ್ಟಿಲ್ಲ.

ಹೂಳುವುದರಿಂದ ಕಲ್ಲಿಗೆ ಹಾನಿಯೇನೂ ಆಗಲಿಲ್ಲ. ಹಾನಿಯಾದುದು ಭಯ ಹೋದಮೇಲೆ. ಹದಿನೇಳನೆಯ ಶತಮಾನದ ಕೊನೆಯಲ್ಲೂ ಹದಿನೆಂಟರ ಮೊದಲಲ್ಲೂ ಮನೆ ಕೊಟ್ಟಿಗೆಗಳಿಗೆ ಕಲ್ಲು ಬೇಕಾಯಿತು. ಮಹಾಶಿಲೆಯನ್ನು ಗುಂಡಿಗೆ ಉರುಳಿಸಿ, ಕೆಳಗೆ ಒಣಹುಲ್ಲನ್ನು ಒಟ್ಟಿ ಬೆಂಕಿಯಿಟ್ಟು, ಕಾದ ಕಲ್ಲಿನ ಮೇಲೆ ಗೆರೆ ಎಳೆದಂತೆ ತಣ್ಣೀರು ಹೊಯ್ದು, ಸುತ್ತಿಗೆಯಿಂದ ಬಡಿದರೆ ಬಂಡೆ ಗೆರೆಗುಂಟ ಸೀಳುತ್ತಿತ್ತು. ಬೆಂಕಿಯಿಂದ ಬಂಡೆಯನ್ನು ಬಿಡಿಸುವ ಈ ಉಪಾಯ ನಮ್ಮ ಕಲ್ಲುಕುಟಿಗರಿಗೂ ಹೊಸತಲ್ಲ. 1719ರಿಂದ ಐದಾರು ವರ್ಷ ಇಲ್ಲಿಗೆ ಬಂದುಹೋಗುತ್ತಿದ್ದ ವಿಲಿಯಂ ಸ್ಟೂಕ್ಲಿ ಎಂಬ ವೈದ್ಯರು ಈ ಸಂಹಾರವನ್ನು ಕಣ್ಣಾರೆ ಕಂಡು, ಕೆಡಹಿದವರ ಹೆಸರನ್ನು ಸಹ ಬರೆದಿಟ್ಟು, ನಿಂತಿದ್ದ ಕಲ್ಲುಗಳ ನಕ್ಷೆಯನ್ನು ತೆಗೆದರು. ಅವರು 1743ರಲ್ಲಿ ಅಚ್ಚುಹಾಕಿಸಿದ ಪುಸ್ತಕದಲ್ಲಿ ಮಾಟಗಾರ ಡ್ರೂಯಿಡ್ ಪುರೋಹಿತರ ವಿಷಯವಾಗಿ ಬೇಕಾದಷ್ಟು ಹುಚ್ಚು ಕಲ್ಪನೆಗಳಿವೆ. ಆದರೂ ಆ ನಕ್ಷೆಗಳಿಲ್ಲದಿದ್ದರೆ ನಮಗೆ ಏವ್‌ಬರಿಯ ಅರ್ಧಭಾಗ ತಿಳಿಯುತ್ತಿರಲಿಲ್ಲ. ಹೆದರಿ ಹೂತವರು ಕಲ್ಲನ್ನು ಉಳಿಸಿದರು. ಹೆದರದೆ ಒಡೆದವರು ಅಳಿಸಿದರು.

ಕೀಲರರು 1930ರ ದಶಕದಲ್ಲಿ ಜಮೀನುದಾರನ ಮನೆಯನ್ನೂ ಹಳ್ಳಿಯ ಬಹುಭಾಗವನ್ನೂ ಕೊಂಡು, ಹೂತ ಕಲ್ಲುಗಳನ್ನು ಎತ್ತಿಸಿ ಅವುಗಳ ಹಳೆಯ ಗುಳಿಗಳಲ್ಲೇ ನಿಲ್ಲಿಸಿದರು. ಕಾಣೆಯಾದ ಕಲ್ಲುಗಳ ಜಾಗದಲ್ಲಿ ಕಾಂಕ್ರೀಟಿನ ಗುರುತುಕಲ್ಲುಗಳನ್ನು ನೆಟ್ಟರು. ಇಂದು ಪ್ರವಾಸಿಗಳು ಬೆರಗಾಗಿ ನೋಡುವ ಪಶ್ಚಿಮಭಾಗದ ಕಲ್ಲಿನ ಸಾಲು ಅವರ ಕೈಕೆಲಸ. ಆದರೆ ವೃತ್ತವನ್ನು ತೆರವು ಮಾಡಬೇಕೆಂಬ ಹಂಬಲದಿಂದ ಅವರು ಒಳಗಿನ ಮನೆಗಳನ್ನೂ ಕೊಟ್ಟಿಗೆಗಳನ್ನೂ ಕೆಡವಿಸಿದರು. ಒಕ್ಕಲುಗಳು ಪಶ್ಚಿಮಕ್ಕೆ, ಟ್ರಸ್ಲೋ ಎಂಬ ಕಡೆಗೆ ಎದ್ದುಹೋಗಬೇಕಾಯಿತು. 1939ರ ಯುದ್ಧ ಬಂದು ಕೆಲಸ ನಿಂತಿತು. 1943ರಲ್ಲಿ ಕೀಲರರು ಎಲ್ಲವನ್ನೂ 12,000 ಪೌಂಡುಗಳಿಗೆ ನ್ಯಾಷನಲ್ ಟ್ರಸ್ಟಿಗೆ ಮಾರಿದರು. ತೆರವಿನ ಹಟ ಕಾಲಕ್ರಮದಲ್ಲಿ ಸಡಿಲವಾಯಿತು. ಇಂದಿಗೂ ವೃತ್ತದೊಳಗೆ ಜನ ವಾಸವಾಗಿದ್ದಾರೆ, ಪಾನಗೃಹವೂ ನಡೆಯುತ್ತಿದೆ.

ಈ ತೆರವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಕೀಲರರಿಲ್ಲದಿದ್ದರೆ ಆ ಕಲ್ಲುಗಳು ಮಣ್ಣಿನಲ್ಲೇ ಇರುತ್ತಿದ್ದುವು, ನಿಜ. ಆದರೆ ಬೀಳಿಸಿದ ಮನೆಗಳೂ ಅದೇ ಕಲ್ಲಿನ ಎರಡನೆಯ ಜನ್ಮವಲ್ಲವೆ? ಒಡೆದ ಶಿಲೆಯ ತುಂಡುಗಳು ಆ ಊರಿನ ಗೋಡೆಗಳಲ್ಲಿವೆ. ಹದಿನೇಳನೆಯ ಶತಮಾನದ ಪುಟ್ಟ ಪ್ರಾರ್ಥನಾಮಂದಿರದ ಗೋಡೆಯಲ್ಲೂ ಇವೆ. ನಾಲ್ಕು ಸಾವಿರ ವರ್ಷಗಳ ಹಿಂದಣ ವಾಸವನ್ನು ಗೌರವಿಸುವವರು ನಾಲ್ಕು ನೂರು ವರ್ಷಗಳ ವಾಸವನ್ನು ಕಸವೆಂದು ಗುಡಿಸುವುದಕ್ಕೆ ಯಾವ ಶಾಸ್ತ್ರವೂ ಆಧಾರವಾಗದು.

ಹೀಗೆ ಹೇಳುವುದಕ್ಕೆ ಈಚಿನ ಶೋಧವೊಂದು ನನಗೆ ಧೈರ್ಯ ಕೊಟ್ಟಿದೆ. ದಕ್ಷಿಣದ ಒಳವೃತ್ತದ ನಡುವೆ ಒಂದು ಕಾಲದಲ್ಲಿ ಆಬೆಲಿಸ್ಕ್ ಎಂದು ಕರೆಯುತ್ತಿದ್ದ ಅತ್ಯುನ್ನತ ಶಿಲೆಯಿತ್ತು. 2017ರಲ್ಲಿ ಲೆಸ್ಟರ್ ಮತ್ತು ಸೌತಾಂಪ್ಟನ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ನೆಲವನ್ನು ಯಂತ್ರಗಳಿಂದ ಶೋಧಿಸಿ, ಆ ಶಿಲೆಯ ಸುತ್ತ ಸುಮಾರು ನೂರಡಿ ಬಾಹುವಿನ ಕಲ್ಲಿನ ಚೌಕವೊಂದು ಇದ್ದಿತೆಂದು ತಿಳಿಸಿದರು. ವೃತ್ತಗಳ ನಾಡಿನಲ್ಲಿ ಚೌಕವೇಕೆ? ಚೌಕದ ನಟ್ಟನಡುವೆ, ಅದೇ ದಿಕ್ಕಿಗೆ ಮುಖಮಾಡಿ, ಮರದ ಕಂಬಗಳ ಗುಳಿಗಳೂ ಗೋಡೆಯ ಕಿರುಗಾಲುವೆಗಳೂ ಇದ್ದುವು. ಅದು ವಿಂಡ್‌ಮಿಲ್ ಹಿಲ್ಲಿನ ಕಾಲದ, ಎಂದರೆ ವೃತ್ತಗಳಿಗಿಂತ ಎಷ್ಟೋ ಶತಮಾನ ಹಿಂದಿನ, ಮನೆಯೊಂದರ ತಳಹದಿ. ಮನೆ ಬಿದ್ದು ಮಣ್ಣಾದ ಮೇಲೂ ಜನ ಅದರ ನೆಲೆಯನ್ನು ಮರೆಯದೆ, ನೆನಪಿಗಾಗಿ ಚೌಕವನ್ನು ನಿಲ್ಲಿಸಿದರೆಂದೂ, ಅದರ ಸುತ್ತ ವೃತ್ತಗಳು ಬೆಳೆದುವೆಂದೂ ಆ ವಿದ್ವಾಂಸರ ಊಹೆ.

ಕೀಲರರು ಆ ಗುಳಿಗಳನ್ನು 1939ರಲ್ಲಿಯೇ ಅಗೆದು ಕಂಡಿದ್ದರು. ಅದೊಂದು ಮಧ್ಯಯುಗದ ಗಾಡಿ ನಿಲ್ಲಿಸುವ ಕೊಟ್ಟಿಗೆಯೆಂದು ತಿಳಿದು ಬಿಟ್ಟುಬಿಟ್ಟರು.