ಶುಗರ್ ಒಂದೇ ಅಲ್ಲ, ಬಿಪಿನೂ ಕಣ್ಣು ತಿನ್ನುತ್ತೆ

ಕೊಟ್ಟೂರಿಂದ ಮಾತಾಡ್ತಿದೀನಿ. ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಆದ್ರೆ ಇವತ್ತಿನ ವಿಷಯ ನಮ್ಮೆಲ್ಲರ ಮನೇದು. ಅಪ್ಪಾಜಿಗೆ ಶುಗರ್ ಅಂದ್ರೆ ಸಕ್ಕರೆ ಡಬ್ಬಿ ದೂರ ಇಡ್ತೀವಿ. ಜೊತೆಗೆ ಬಿಪಿನೂ ಇದ್ರೆ? "ವಯಸ್ಸಾಯ್ತಲ್ಲ, ಇರುತ್ತೆ ಬಿಡು" ಅಂತೀವಿ. ಕಣ್ಣಿನ ಮಟ್ಟಿಗೆ ಈ ಮಾತು ಬಹಳ ದುಬಾರಿ.

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅನ್ನೋ ಪರದೆ ಇದೆ. ಅದಕ್ಕೆ ರಕ್ತ ಹರಿಯೋದು ಕೂದಲಿಗಿಂತ ಸಣ್ಣ ನಾಳಗಳಲ್ಲಿ. ಹೊಲದ ಡ್ರಿಪ್ ಪೈಪು ನೆನೆಸ್ಕೊಳ್ಳಿ. ಬಿಸಿಲಿಗೆ ಹಳೇದಾದ ಪೈಪಿಗೆ ಮೋಟರ್ ಪ್ರೆಶರ್ ಜಾಸ್ತಿ ಕೊಟ್ರೆ? ಸೋರುತ್ತೆ, ಒಡೆಯುತ್ತೆ. ಇಲ್ಲೂ ಅಷ್ಟೇ: ಶುಗರ್ ನಾಳದ ಗೋಡೆ ಸಡಿಲ ಮಾಡುತ್ತೆ, ಬಿಪಿ ಅದರ ಮೇಲೆ ಒತ್ತಡ ಹಾಕುತ್ತೆ. ರಕ್ತ, ನೀರು ಸೋರಿ ದೃಷ್ಟಿ ಮಂಜಾಗುತ್ತೆ. ನೋವಿರಲ್ಲ, ಶುರುವಿನಲ್ಲಿ ಗೊತ್ತೂ ಆಗಲ್ಲ.

ಇದಕ್ಕೆ ಲೆಕ್ಕ ಇದೆ. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ, 1998. ಶುಗರ್, ಬಿಪಿ ಎರಡೂ ಇದ್ದ 1,148 ಜನ. ಒಂದು ಗುಂಪಿನ ಸರಾಸರಿ ಬಿಪಿ 154/87, ಇನ್ನೊಂದರದ್ದು 144/82. ವ್ಯತ್ಯಾಸ ಮೇಲಿನ ಅಂಕಿಯಲ್ಲಿ ಬರೀ ಹತ್ತು. ಆದ್ರೂ ಬಿಪಿ ಕಡಿಮೆ ಇಟ್ಟವರಲ್ಲಿ ರೆಟಿನಾ ತೊಂದರೆ ಹೆಚ್ಚಾಗುವ ಅಪಾಯ 34%, ದೃಷ್ಟಿ ಕುಸಿಯುವ ಅಪಾಯ 47% ಕಡಿಮೆ!

2008ರಲ್ಲಿ ಇನ್ನೊಂದು ವರದಿ ಬಂತು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪಿನ ಬಿಪಿ ಹೆಚ್ಚುಕಮ್ಮಿ ಒಂದೇ ಆಯ್ತು. ಮೊದಲಿನ ಲಾಭವೂ ಉಳೀಲಿಲ್ಲ. ಅಂದ್ರೆ ಬಿಪಿ ಹಿಡಿತ ಫಿಕ್ಸೆಡ್ ಡೆಪಾಸಿಟ್ ಅಲ್ಲ, ತಿಂಗಳ ಬಾಡಿಗೆ. ಕಟ್ಟುತ್ತಾನೇ ಇರಬೇಕು. "ನಾರ್ಮಲ್ ಬಂತು" ಅಂತ ನೀವಾಗೇ ಮಾತ್ರೆ ನಿಲ್ಲಿಸಬೇಡಿ. ನಾರ್ಮಲ್ ಬಂದಿದ್ದು ಮಾತ್ರೆಯಿಂದಲೇ ಇರಬಹುದು.

30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಕಣ್ಣಿಗೆ ಕನ್ನಡಕದ ಅಂಗಡಿ ಪರೀಕ್ಷೆ ಸಾಲದು. ಶುಗರ್ ಇದ್ದವರು ವರ್ಷಕ್ಕೊಮ್ಮೆ ಡ್ರಾಪ್ಸ್ ಹಾಕಿಸಿ ರೆಟಿನಾ ತೋರಿಸಬೇಕು. ಬಳ್ಳಾರಿ, ದಾವಣಗೆರೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗ ಇದೆ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ತಾಸು ಮಂಜು ಮಂಜು ಕಾಣುತ್ತೆ, ಅಪ್ಪಾಜಿ ಕೈಗೆ ಬೈಕ್ ಕೊಡಬೇಡಿ. ನೀವೇ ಜೊತೆಗೆ ಹೋಗಿ. ಮಂಡಕ್ಕಿ ಮಿರ್ಚಿ, ಉಪ್ಪಿನಕಾಯಿ ಕಡಿಮೆ ಆಗಲಿ. ಉಪ್ಪು ಬಿಪಿ ಏರಿಸುತ್ತೆ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿ: "ಕಣ್ಣಿಗೆ ಡ್ರಾಪ್ಸ್ ಹಾಕಿ ನೋಡಿದ್ದು ಯಾವಾಗ?" "ನೆನಪಿಲ್ಲಪ್ಪ" ಅಂದ್ರೆ, ಹೋಗೋ ಹೊತ್ತಾಗಿದೆ ಅಂತಲೇ ಅರ್ಥ.