ಮೊಹಮ್ಮಡನ್ ಸ್ಪೋರ್ಟಿಂಗ್‌ನ ಕೀರ್ತಿಭವನದಲ್ಲಿ ಯಾರಿಗೆ ಜಾಗ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣ ಸಂಘದ ಸಭೆಯಲ್ಲಿ ಫುಟ್ಬಾಲ್ ವಿಷಯವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಪರೀಕ್ಷೆ ಹತ್ತಿರ ಬಂದಿರುವಾಗ ಹುಡುಗರಿಗೆ ಇದೊಂದು ನೆಪವಾಯಿತಲ್ಲ ಎಂದು ಪೋಷಕರು ಗೊಣಗಲೂಬಹುದು. ಆದರೆ ಇಂದು ನಾನು ಆಟದ ಬಗ್ಗೆ ಮಾತನಾಡುವುದಕ್ಕಿಂತ ಆಯ್ಕೆಯ ಬಗ್ಗೆ ಮಾತನಾಡಬೇಕೆಂದಿದ್ದೇನೆ. ವಿದೇಶದ ದೊಡ್ಡ ಕ್ಲಬ್ಬುಗಳಲ್ಲಿ 'ಹಾಲ್ ಆಫ್ ಫೇಮ್' ಎಂಬ ಪದ್ಧತಿಯಿದೆ. ಕ್ಲಬ್ಬಿನ ಇತಿಹಾಸದ ಅತಿ ಶ್ರೇಷ್ಠರನ್ನು ಆರಿಸಿ, ಅವರ ಹೆಸರನ್ನು ಶಾಶ್ವತವಾಗಿ ಉಳಿಸುವ ಕೀರ್ತಿಭವನ ಅದು. ನಮ್ಮ ದೇಶದಲ್ಲೂ ಮೋಹನ್ ಬಗಾನ್ 2001ರಿಂದ 'ಮೋಹನ್ ಬಗಾನ್ ರತ್ನ' ಗೌರವವನ್ನು ನೀಡುತ್ತಾ ಬಂದಿದೆ. ಮೊದಲ ಗೌರವ ಸೈಲೇನ್ ಮನ್ನಾ ಅವರಿಗೆ ಸಂದಿತು. ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿಗೆ ಅಂಥದೊಂದು ಭವನ ಕಟ್ಟುವ ಕೆಲಸವನ್ನು ನಮಗೇ ಒಪ್ಪಿಸಿದರೆ ಯಾರನ್ನು ಒಳಗೆ ಕೂರಿಸುತ್ತೇವೆ? ಯಾವ ಅಳತೆಗೋಲಿನಿಂದ?

ಸುಲಭದ ದಾರಿ ಮತದಾನ. ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿನ ಅಭಿಮಾನಿಗಳು 2002ರಲ್ಲಿ ಮತ ಹಾಕಿ ತಮ್ಮ ಸಾರ್ವಕಾಲಿಕ ಶ್ರೇಷ್ಠ ತಂಡವನ್ನು ಆರಿಸಿದರು. ಜಿಮ್ಮಿ ಜಾನ್‌ಸ್ಟನ್ ಅತಿ ಶ್ರೇಷ್ಠ ಆಟಗಾರನೆನಿಸಿದರು, ಅದರಲ್ಲಿ ತಕರಾರಿಲ್ಲ. ಆಗಿನ್ನೂ ಆಡುತ್ತಿದ್ದ ಹೆನ್ರಿಕ್ ಲಾರ್ಸನ್‌ಗೂ ಜಾಗ ಸಿಕ್ಕಿತು. ಆದರೆ ಆ ಕ್ಲಬ್ಬಿಗಾಗಿ ನಾನೂರಕ್ಕೂ ಹೆಚ್ಚು ಗೋಲು ಹೊಡೆದ, ಅದರ ಇತಿಹಾಸದಲ್ಲೇ ಅತಿ ಹೆಚ್ಚು ಗೋಲುಗಳ ಒಡೆಯನಾದ ಜಿಮ್ಮಿ ಮೆಕ್‌ಗ್ರೋರಿ ಆ ಹನ್ನೊಂದರಲ್ಲಿ ಇಲ್ಲ! ಕಾರಣ ಸರಳ. ಅವರು ಆಟ ನಿಲ್ಲಿಸಿದ್ದು 1937ರಲ್ಲಿ. ಮತ ಹಾಕಿದವರು ಅವರನ್ನು ಕಣ್ಣಾರೆ ಕಂಡಿರಲಿಲ್ಲ. ಮತದಾನ ನೆನಪನ್ನು ಅಳೆಯುತ್ತದೆಯೇ ಹೊರತು ಶ್ರೇಷ್ಠತೆಯನ್ನಲ್ಲ.

ಹಾಗಾದರೆ ಅಂಕಿಅಂಶ? ಅದೂ ಪೂರ್ತಿ ನ್ಯಾಯವಲ್ಲ. ಗೋಲು ಹೊಡೆದವನ ಲೆಕ್ಕ ಸಿಗುತ್ತದೆ, ಗೋಲು ತಪ್ಪಿಸಿದವನ ಲೆಕ್ಕವನ್ನು ಯಾರು ಬರೆದಿಟ್ಟಿದ್ದಾರೆ? ಅಂಕಿಯೊಂದನ್ನೇ ನೆಚ್ಚಿದರೆ ಭವನದ ತುಂಬ ಫಾರ್ವರ್ಡ್‌ಗಳೇ ಕುಳಿತಿರುತ್ತಾರೆ, ಬಾಗಿಲು ಕಾಯಲು ಒಬ್ಬ ಗೋಲ್‌ಕೀಪರ್ ಕೂಡ ಇರುವುದಿಲ್ಲ.

ನಾನು ಬಳಸುವ ಅಳತೆಗೋಲು ಬೇರೆ. ಈ ವ್ಯಕ್ತಿ ಇಲ್ಲದಿದ್ದರೆ ಕ್ಲಬ್ಬಿನ ಇತಿಹಾಸದಲ್ಲಿ ಯಾವುದು ನಡೆಯುತ್ತಿರಲಿಲ್ಲ? ಈ ಪ್ರಶ್ನೆಗೆ ಗಟ್ಟಿ ಉತ್ತರ ಇರುವವರಿಗೆ ಮಾತ್ರ ಜಾಗ.

ಮೊದಲು ಕ್ಲಬ್ಬಿನ ಹಿನ್ನೆಲೆ ಸ್ವಲ್ಪ ತಿಳಿಯಬೇಕು. 1891ರಲ್ಲಿ ಸ್ಥಾಪನೆಯಾದ ಮೊಹಮ್ಮಡನ್ ಸ್ಪೋರ್ಟಿಂಗ್ ನಾಲ್ಕು ದಶಕ ಹೇಳಿಕೊಳ್ಳುವಂಥದ್ದೇನನ್ನೂ ಮಾಡಲಿಲ್ಲ. 1934ರಲ್ಲಿ ಕಲ್ಕತ್ತಾ ಲೀಗಿನ ಮೊದಲ ವಿಭಾಗಕ್ಕೆ ಏರಿತು, ಏರಿದ ವರ್ಷವೇ ಗೆದ್ದಿತು. 1898ರಲ್ಲಿ ಶುರುವಾದ ಆ ಲೀಗನ್ನು ಅಲ್ಲಿಯವರೆಗೆ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. ಬ್ರಿಟಿಷ್ ಸೇನಾ ತುಕಡಿಗಳು ಮತ್ತು ಕಲ್ಕತ್ತಾದ ಬಿಳಿಯರ ಕ್ಲಬ್ಬುಗಳದ್ದೇ ರಾಜ್ಯಭಾರ. ಆಮೇಲೆ 1938ರವರೆಗೆ ಸತತ ಐದು ಬಾರಿ ಪ್ರಶಸ್ತಿ. 1936ರಲ್ಲಿ ಲೀಗಿನ ಜೊತೆ ಐಎಫ್ಎ ಶೀಲ್ಡ್ ಕೂಡ ಬಂತು. 1939ರಲ್ಲಿ ಸಂಘಟಕರೊಂದಿಗಿನ ಜಗಳದಿಂದ ಲೀಗಿನಿಂದ ಹೊರನಡೆದು, 1940 ಮತ್ತು 1941ರಲ್ಲಿ ಮತ್ತೆ ಗೆದ್ದಿತು. ಇಡೀ ಬಂಗಾಳದ ಮುಸ್ಲಿಂ ಮನೆಗಳಲ್ಲಿ ಆ ಗೆಲುವುಗಳು ಹಬ್ಬದಂತಾಗಿದ್ದವು. ರಾಜಕೀಯದವರೂ ಅದರ ಲಾಭ ಪಡೆದರು, ಅದು ಬೇರೆ ಮಾತು.

ಇಷ್ಟೆಲ್ಲ ಹೇಗಾಯಿತು? ಇಲ್ಲಿ ನನ್ನ ಮೊದಲ ಹೆಸರು ಬರುತ್ತದೆ. ಅವರು ಆಟಗಾರರೇ ಅಲ್ಲ, ಕಾರ್ಯದರ್ಶಿ ಸಿ.ಎ. ಅಜೀಜ್. ಆ ಕಾಲದಲ್ಲಿ ಭಾರತೀಯರು ಬರಿಗಾಲಿನಲ್ಲಿ ಆಡುತ್ತಿದ್ದರು. 1911ರಲ್ಲಿ ಶೀಲ್ಡ್ ಗೆದ್ದ ಮೋಹನ್ ಬಗಾನ್ ತಂಡದಲ್ಲಿ ಬೂಟು ತೊಟ್ಟವರು ಒಬ್ಬರೇ. ಒಣ ನೆಲದಲ್ಲಿ ಬರಿಗಾಲು ಚುರುಕು. ಆದರೆ ಕಲ್ಕತ್ತಾ ಲೀಗ್ ನಡೆಯುವುದು ಮಳೆಗಾಲದಲ್ಲಿ. ಕೆಸರು ಬಿತ್ತೆಂದರೆ ಬರಿಗಾಲಿನವರು ಜಾರಿ ಬೀಳುತ್ತಿದ್ದರು, ಬೂಟಿನ ಗೋರರು ಗೆಲ್ಲುತ್ತಿದ್ದರು. ಒದ್ದೆ ನೆಲದಲ್ಲಿ ಬೂಟು ತೊಡುವುದನ್ನು ಅಜೀಜ್ ರೂಢಿಗೆ ತಂದರು. ಪ್ರಾಂತ್ಯದ ಗಡಿ ಬಿಟ್ಟು ಆಟಗಾರರನ್ನು ಹುಡುಕುವ ಕೆಲಸವೂ ಅದೇ ಕಾಲದಲ್ಲಿ ನಡೆಯಿತು. ವಾಯವ್ಯದ ಕ್ವೆಟ್ಟಾದಿಂದ ಹಿಡಿದು ನಮ್ಮ ಬೆಂಗಳೂರಿನವರೆಗೆ ಹುಡುಗರು ಆ ಕಪ್ಪು-ಬಿಳುಪು ಅಂಗಿ ತೊಡಲು ಹೋದರು. ಭಾರತ ತಂಡ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಬಹುಪಾಲು ಬರಿಗಾಲಿನಲ್ಲೇ ಆಡಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತಿತೆಂಬುದನ್ನು ನೆನೆದರೆ, ಅಜೀಜರ ಬುದ್ಧಿ ಎಷ್ಟು ಮುಂದಿತ್ತು ಎಂದು ತಿಳಿಯುತ್ತದೆ. ಒಂದು ಗೋಲೂ ಹೊಡೆಯದ ಈ ಮನುಷ್ಯನಿಗೆ ಮೊದಲ ಕುರ್ಚಿ ಕೊಡದ ಕೀರ್ತಿಭವನ ನನಗೆ ಬೇಡ.

ಎರಡನೆಯ ಹೆಸರು ಮೊಹಮ್ಮದ್ ಸಲೀಂ. ಇವರ ಕಥೆ ನಿಮಗೆ ಇಷ್ಟವಾದೀತು. 1936ರಲ್ಲಿ ಚೀನಾದ ಒಲಿಂಪಿಕ್ ತಂಡದ ವಿರುದ್ಧ ಕಲ್ಕತ್ತಾದಲ್ಲಿ ಒಂದು ಪಂದ್ಯ ಆಡಿದ ಸಲೀಂ, ಸ್ಕಾಟ್ಲೆಂಡಿನಲ್ಲಿದ್ದ ಬಂಧು ಹಾಶಿಮ್ ಅವರ ಒತ್ತಾಯಕ್ಕೆ ಹಡಗು ಹತ್ತಿಬಿಟ್ಟರು. ಇತ್ತ ಎರಡನೆಯ ಪಂದ್ಯಕ್ಕೆ ಆಟಗಾರನೇ ನಾಪತ್ತೆ! ಹಾಶಿಮ್ ಅವರನ್ನು ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ಬಿಗೆ ಕರೆದೊಯ್ದು, ಮ್ಯಾನೇಜರ್ ವಿಲ್ಲಿ ಮೇಲಿ ಅವರಲ್ಲಿ ಪರೀಕ್ಷೆಗೆ ಒಪ್ಪಿಸಿದರು. ಬೂಟಿಲ್ಲದೆ ಆಡುತ್ತಾನೆಂದರೆ ಮೊದಲು ಯಾರೂ ನಂಬಲಿಲ್ಲ. ಸಲೀಂ ಕಾಲಿಗೆ ಪಟ್ಟಿ ಕಟ್ಟಿಕೊಂಡು ಸೆಲ್ಟಿಕ್‌ನ ಎರಡನೆಯ ತಂಡದ ಪರ ಎರಡು ಪಂದ್ಯ ಆಡಿದರು. ಗ್ಯಾಲ್ಸ್‌ಟನ್ ವಿರುದ್ಧದ ಪಂದ್ಯದಲ್ಲಿ ತಂಡ 7-1ರಿಂದ ಗೆದ್ದಿತು, ಪತ್ರಿಕೆಗಳು ಅವರ ಕಾಲ್ಬೆರಳುಗಳನ್ನೇ ಹೊಗಳಿದವು. ಕ್ಲಬ್ಬಿನ ಜಿಮ್ಮಿ ಮೆಕ್‌ಮೆನೆಮಿ ಮಂಡಿಯೂರಿ ಕುಳಿತು ಸಲೀಂರ ಪಾದಕ್ಕೆ ಪಟ್ಟಿ ಸುತ್ತುತ್ತಿರುವ ಛಾಯಾಚಿತ್ರ ಇಂದಿಗೂ ಪ್ರಸಿದ್ಧ. ಗುಲಾಮ ದೇಶದ ಹುಡುಗನೊಬ್ಬನ ಪಾದ ಬಿಳಿಯ ತರಬೇತುದಾರನ ಕೈಯಲ್ಲಿ! ಉಳಿಯಲು ಕ್ಲಬ್ಬು ಒತ್ತಾಯಿಸಿದರೂ ಮನೆಯ ನೆನಪು ಕಾಡಿ ಸಲೀಂ ಹಿಂದಿರುಗಿದರು. ಮುಪ್ಪಿನಲ್ಲಿ ಅವರು ಕಾಯಿಲೆ ಬಿದ್ದಾಗ ಮಗ ಸೆಲ್ಟಿಕ್‌ಗೆ ಪತ್ರ ಬರೆದರು. ಹಣಕ್ಕಾಗಿ ಅಲ್ಲ, ತಂದೆಯನ್ನು ಅಲ್ಲಿ ಇನ್ನೂ ನೆನೆಯುತ್ತಾರೆಯೇ ಎಂದು ತಿಳಿಯಲು. ನೂರು ಪೌಂಡಿನ ಡ್ರಾಫ್ಟ್ ಬಂತು. ಮಗ ಅದನ್ನು ನಗದು ಮಾಡಿಸದೆ ಹಾಗೆಯೇ ಇಟ್ಟುಕೊಂಡರು. ಸಲೀಂ 1980ರಲ್ಲಿ ತೀರಿಕೊಂಡರು.

ಇಲ್ಲೊಂದು ಎಚ್ಚರಿಕೆ ಬೇಕು. ಎಲ್ಲರೂ ಸಲೀಂರನ್ನು ಸೆಲ್ಟಿಕ್‌ನ ಎರಡು ಪಂದ್ಯಗಳಿಂದಲೇ ಗುರುತಿಸುತ್ತಾರೆ. ನಮ್ಮ ಭವನದಲ್ಲಿ ಅದಕ್ಕೆ ಅಂಕವಿಲ್ಲ. ಮೊಹಮ್ಮಡನ್ ಅಂಗಿಯಲ್ಲಿ ಅವರು ಪಾಲುಗೊಂಡ ಲೀಗ್ ಪ್ರಶಸ್ತಿಗಳಿಗೆ ಮಾತ್ರ ಅಂಕ. ಆ ಕ್ಲಬ್ಬಿಗೆ ಏನು ಮಾಡಿದರು ಎಂಬುದೇ ಲೆಕ್ಕ.

ಈ ನಿಯಮ ಪಾಲಿಸಿದರೆ ಕೆಲವು ದೊಡ್ಡ ಹೆಸರುಗಳು ಹೊರಗುಳಿಯುತ್ತವೆ. ಇರಾನಿನಿಂದ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಮಜೀದ್ ಬಿಷ್ಕರ್ ಅಂಥ ಕಲಾವಿದ ಕೋಲ್ಕತ್ತದ ಮೈದಾನಕ್ಕೆ ಬಂದದ್ದೇ ಅಪರೂಪ ಎನ್ನುವವರಿದ್ದಾರೆ. 1982ರಲ್ಲಿ ಅವರು ಮೊಹಮ್ಮಡನ್ ಸೇರಿದರು. ಆದರೆ ಅವರ ಅತ್ಯುತ್ತಮ ಆಟ ಅದಕ್ಕೂ ಮುಂಚೆ ಈಸ್ಟ್ ಬೆಂಗಾಲ್‌ನಲ್ಲಿ ಮುಗಿದಿತ್ತು. 2019ರಲ್ಲಿ ಆ ಕ್ಲಬ್ಬಿನ ಶತಮಾನೋತ್ಸವಕ್ಕೆ ಬಂದಾಗ ಜನ ಅವರನ್ನು ಹೊತ್ತು ಮೆರೆಸಿದ್ದೂ ಅದಕ್ಕೇ. ನೈಜೀರಿಯಾದ ಚೀಮಾ ಒಕೋರಿ ಭಾರತದ ಆಟವನ್ನು ಇದೇ ಕ್ಲಬ್ಬಿನಿಂದ ಆರಂಭಿಸಿದರು, ಬೆಳೆದದ್ದು ಬೇರೆಡೆ. ಇಬ್ಬರನ್ನೂ ಬಾಗಿಲ ಬಳಿ ಗೌರವದಿಂದ ನಿಲ್ಲಿಸೋಣ. ಅವರ ಧರ್ಮ, ದೇಶ ಇಲ್ಲಿ ಪ್ರಶ್ನೆಯೇ ಅಲ್ಲ. ಕ್ಲಬ್ಬಿನ ಹೆಸರಿನಲ್ಲಿ ಒಂದು ಸಮುದಾಯದ ಹೆಸರಿರಬಹುದು, ಚೆಂಡಿಗೆ ಅದು ಗೊತ್ತಿಲ್ಲ.

1947ರ ಪ್ರಶ್ನೆ ಇನ್ನೂ ಕಷ್ಟದ್ದು. ಆ ಸುವರ್ಣ ತಂಡದವರಲ್ಲಿ ಕೆಲವರು ವಿಭಜನೆಯ ನಂತರ ಗಡಿಯಾಚೆಗೆ ಹೋದರು. ಹೋದವರನ್ನು ಬಿಡಬೇಕೇ? ಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. 1940ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಡ್ಯುರಾಂಡ್ ಕಪ್ ಫೈನಲ್ ನಡೆದಾಗ ಗಡಿಯೇ ಇರಲಿಲ್ಲ. 1888ರಿಂದ ಸೇನಾ ತುಕಡಿಗಳ ಸ್ವತ್ತಾಗಿದ್ದ ಆ ಕಪ್ಪನ್ನು ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಗೆದ್ದ ಮೊದಲ ಭಾರತೀಯ ಕ್ಲಬ್ಬು ಮೊಹಮ್ಮಡನ್. ಗೋಲು ಹೊಡೆದವರು ಹಫೀಜ್ ರಶೀದ್ ಮತ್ತು ಸಾಬೂ. ಹಿಂದೆ ಗೋಡೆಯಂತೆ ನಿಂತವರು ಜುಮ್ಮಾ ಖಾನ್ ಮತ್ತು ಗೋಲ್‌ಕೀಪರ್ ಉಸ್ಮಾನ್ ಜಾನ್. ನನ್ನ ಮೂರು, ನಾಲ್ಕು, ಐದನೆಯ ಕುರ್ಚಿಗಳು ಹಫೀಜ್ ರಶೀದ್, ಜುಮ್ಮಾ ಖಾನ್, ಉಸ್ಮಾನ್ ಜಾನ್ ಅವರಿಗೆ. ಅವರು ಕೊನೆಗೆ ಎಲ್ಲಿ ಮಣ್ಣಾದರು ಎಂದು ಭವನದ ಕಾವಲುಗಾರ ಕೇಳಬಾರದು.

ಆಮೇಲಿನ ಕಾಲದಿಂದ ಯಾರೂ ಇಲ್ಲವೇ ಎಂದು ಹುಡುಗರು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 1960ರಲ್ಲಿ ಢಾಕಾದಲ್ಲಿ ಆಗಾ ಖಾನ್ ಗೋಲ್ಡ್ ಕಪ್, 1983 ಮತ್ತು 1984ರಲ್ಲಿ ಫೆಡರೇಷನ್ ಕಪ್, ದೀರ್ಘ ಬರಗಾಲದ ನಂತರ 2013ರಲ್ಲಿ ಮತ್ತೆ ಡ್ಯುರಾಂಡ್, 2024ರಲ್ಲಿ ಐ-ಲೀಗ್ ಗೆದ್ದು ಐಎಸ್ಎಲ್‌ಗೆ ಬಡ್ತಿ, ಇವೆಲ್ಲ ಸಣ್ಣ ಸಾಧನೆಗಳಲ್ಲ. ಆದರೆ ಹೊಸಬರ ವಿಷಯದಲ್ಲಿ ಅವಸರ ಬೇಡ. ಆಟ ನಿಲ್ಲಿಸಿ ಇಪ್ಪತ್ತು ವರ್ಷವಾದರೂ ಕಳೆಯಲಿ. ಆಗ ಚಪ್ಪಾಳೆಯ ಸದ್ದು ಅಡಗಿರುತ್ತದೆ.

ಇನ್ನು ನಮ್ಮ ಊರಿನ ಮಾತು. ಮುಂಬಯಿಯ ರೋವರ್ಸ್ ಕಪ್ ಫೈನಲ್‌ನಲ್ಲಿ 1937ರಲ್ಲಿ ಇದೇ ಅಜೇಯ ಮೊಹಮ್ಮಡನ್ ತಂಡವನ್ನು 1-0ರಿಂದ ಸೋಲಿಸಿದವರು ಯಾರು ಗೊತ್ತೇ? ಬೆಂಗಳೂರ್ ಮುಸ್ಲಿಮ್ಸ್. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷ 1938ರಲ್ಲಿ ಬ್ರಿಟಿಷ್ ಸೇನಾ ತಂಡವನ್ನು ಸೋಲಿಸಿ ಕಪ್ಪನ್ನು ಉಳಿಸಿಕೊಂಡಿತು. 1948ರಲ್ಲಿ ಮತ್ತೊಮ್ಮೆ ಗೆದ್ದಿತು. ಹೆಲ್ಸಿಂಕಿಯಲ್ಲಿ ಭಾರತದ ಆ ಒಂದೇ ಒಂದು ಗೋಲು ಹೊಡೆದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಈಸ್ಟ್ ಬೆಂಗಾಲ್ ಅವರನ್ನು ತನ್ನ 'ಪಂಚಪಾಂಡವ'ರಲ್ಲಿ ಒಬ್ಬರೆಂದು ಇಂದಿಗೂ ನೆನೆಯುತ್ತದೆ. ಬಂಗಾಳಿಗಳು ನಮ್ಮವರನ್ನು ನೆನಪಿಟ್ಟಿದ್ದಾರೆ. 1937ರ ಆ ಹನ್ನೊಂದು ಮಂದಿಯ ಹೆಸರನ್ನು ಈ ಸಭೆಯಲ್ಲಿ ಎಷ್ಟು ಜನ ಹೇಳಬಲ್ಲಿರಿ?

ಆದ್ದರಿಂದ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಹಳೆಯ ಪತ್ರಿಕೆಗಳಿರುವ ಗ್ರಂಥಾಲಯಕ್ಕೆ ಹೋಗಿ. ಶಿವಾಜಿನಗರ, ಆಸ್ಟಿನ್ ಟೌನ್ ಕಡೆಯ ಹಿರಿಯರ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ತಂಡದ ಫೋಟೋಗಳಿದ್ದರೆ ಕೇಳಿ ನೋಡಿ. ಚಿತ್ರದ ಕೆಳಗಿನ ಹೆಸರುಗಳನ್ನು ಎಡದಿಂದ ಬಲಕ್ಕೆ, ಕುಳಿತವರು ಯಾರು, ನಿಂತವರು ಯಾರು ಎಂದು ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಿಸುವ ಜವಾಬ್ದಾರಿ ಕಾರ್ಯದರ್ಶಿಗಳದು, ಅವರು ತಲೆಯಾಡಿಸುತ್ತಿದ್ದಾರೆ. ನನ್ನ ಐದು ಹೆಸರು ಹೇಳಿದ್ದೇನೆ. ಒಪ್ಪದವರು ಈಗ ಎದ್ದು ನಿಂತು ಕಾರಣ ಕೊಡಿ, ಕೇಳಲು ಸಿದ್ಧನಿದ್ದೇನೆ.