ನಮ್ಮ ಹಿರಿಯರ ಊರು ಯಾವುದು?

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಹೆಸರನ್ನು ನಿಮ್ಮಲ್ಲಿ ಅನೇಕರು ಕತೆಗಾರ ಡಾ. ಬೆಸಗರಹಳ್ಳಿ ರಾಮಣ್ಣನವರ ಮೂಲಕ ಕೇಳಿರುತ್ತೀರಿ. ನಮ್ಮ ಕಡೆ ಊರ ಹೆಸರು ಹೀಗೆ ವ್ಯಕ್ತಿಯ ಹೆಸರಿಗೆ ಸೇರಿಕೊಳ್ಳುತ್ತದೆ. ನಿಮ್ಮ ಹಾಜರಿ ಪುಸ್ತಕದಲ್ಲಿರುವ ‘ಬಿ’ ಅಥವಾ ‘ಕೆ’ ಎಂಬ ಇನಿಷಿಯಲ್ ಕೂಡ ಎಷ್ಟೋ ಸಲ ಒಂದು ಊರೇ ಆಗಿರುತ್ತದೆ. ಆ ಊರು ಎಲ್ಲಿದೆ, ಹಿರಿಯರು ಅಲ್ಲಿಂದ ಏಕೆ ಹೊರಟರು ಎಂದು ಕೇಳಿದರೆ ಎಷ್ಟು ಮಂದಿ ಉತ್ತರ ಹೇಳಬಲ್ಲಿರಿ?

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಲಕ್ಷಾಂತರ ಜರ್ಮನರು ಅಮೆರಿಕಕ್ಕೆ ವಲಸೆ ಹೋದರು. ಅವರ ವಂಶದವರು ಈಗ ಪೂರ್ವಿಕರ ಊರನ್ನು ಹುಡುಕುತ್ತಾರೆ. ಅಮೆರಿಕದ ಜನಗಣತಿಯ ಕಾಗದಗಳಲ್ಲಿ ಬಹಳ ಸಲ ‘ಪ್ರಷ್ಯಾ’, ‘ಬವೇರಿಯಾ’ ಎಂದಷ್ಟೇ ಇರುತ್ತದೆ. 1871ರವರೆಗೆ ಜರ್ಮನಿ ಹಲವು ರಾಜ್ಯಗಳಾಗಿ ಹಂಚಿಹೋಗಿತ್ತು. ಆದರೆ ಜನನ, ಮದುವೆ, ಮರಣಗಳನ್ನು ಬರೆದಿಟ್ಟದ್ದು ಆಯಾ ಊರಿನ ಚರ್ಚು. ಊರಿನ ಹೆಸರು ತಿಳಿಯದೆ ಮುಂದಿನ ದಾರಿ ಇಲ್ಲ. ಹ್ಯಾಂಬರ್ಗ್ ಬಂದರಿನ 1850ರಿಂದ 1934ರವರೆಗಿನ ಪ್ರಯಾಣಿಕರ ಪಟ್ಟಿಗಳಲ್ಲಿ ಹೊರಟವರ ಊರನ್ನು ಬರೆದಿರುವುದರಿಂದ ಅವು ಅವರಿಗೆ ನಿಧಿಯಿದ್ದಂತೆ.

ನಮಗೂ ಇಂಥ ತೊಡಕುಗಳಿವೆ. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಪತ್ರಗಳಲ್ಲಿ ಬೆಸಗರಹಳ್ಳಿಯನ್ನು ಮೈಸೂರು ಜಿಲ್ಲೆಯಲ್ಲಿ ಹುಡುಕಬೇಕು. ಹೊಸಹಳ್ಳಿ ಎಂಬ ಹೆಸರಿನ ಊರುಗಳು ಅನೇಕ. ಹೋಬಳಿ, ತಾಲ್ಲೂಕು ತಿಳಿಯದಿದ್ದರೆ ದಾರಿ ತಪ್ಪುತ್ತದೆ. ಹಳೆಯ ಕನ್ನಂಬಾಡಿಯಂತೂ ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿತು. ಅಲ್ಲಿನ ಜನ ಬೇರೆಡೆ ನೆಲೆಸಬೇಕಾಯಿತು.

ಚರ್ಚಿನ ಪುಸ್ತಕ ಮಾಡಿದ ಕೆಲಸವನ್ನು ನಮ್ಮಲ್ಲಿ ಮಾಡಿದವರು ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಒಕ್ಕಲು ಮನೆಗಳ ಮುಂದೆ ಬಂದು, ಆ ಮನೆತನದ ವಂಶಾವಳಿಯನ್ನೂ ಅದು ಎಲ್ಲಿಂದ ಬಂತೆಂಬುದನ್ನೂ ಹೇಳಿ ದವಸ ಪಡೆಯುತ್ತಿದ್ದರು. ಈಗ ಹಾಗೆ ಬರುವವರು ಅಪರೂಪ.

ಹಾಗಾದರೆ ನೀವು ಎಲ್ಲಿಂದ ಆರಂಭಿಸಬೇಕು? ಮನೆಯಿಂದಲೇ. ಮನೆಯ ಹಿರಿಯರ ಹೆಸರುಗಳನ್ನು ಬರೆದುಕೊಳ್ಳಿ. ಮನೆದೇವರು ಯಾವುದು, ಹರಕೆ ತೀರಿಸಲು ಎಲ್ಲಿಗೆ ಹೋಗುತ್ತಿದ್ದರು ಎಂದು ಕೇಳಿ. ದೇವರ ಗುಡಿ ಇರುವ ಊರೇ ಮೂಲ ಊರು ಎಂದು ಕೂಡಲೇ ತೀರ್ಮಾನಿಸಬೇಡಿ. ಮಲೆ ಮಹದೇಶ್ವರನಿಗೆ ದೂರದೂರದ ಊರುಗಳಲ್ಲಿ ಒಕ್ಕಲಿದ್ದಾರೆ. ಅದು ಸುಳಿವು ಮಾತ್ರ. ಹಳೆಯ ಕ್ರಯಪತ್ರ, ಪಹಣಿ, ಶಾಲೆಯ ದಾಖಲಾತಿ ಪುಸ್ತಕ ಇವುಗಳೊಡನೆ ಹೋಲಿಸಿ ನೋಡಿ. ಕೇಳಿದ್ದನ್ನೂ ಕಾಗದದಲ್ಲಿ ಕಂಡದ್ದನ್ನೂ ಬೇರೆ ಬೇರೆಯಾಗಿ ಬರೆದಿಡಿ.

ದಾಖಲೆಯನ್ನು ಮುಂದಿನ ವರ್ಷವೂ ನೋಡಬಹುದು. ಅಜ್ಜಿಯ ನೆನಪನ್ನು ಹಾಗೆ ಮುಂದೂಡಲಾಗದು. ಈ ಸಲ ರಜೆಗೆ ಊರಿಗೆ ಹೋದಾಗ ನೋಟ್‌ಬುಕ್ಕು ಹಿಡಿದು ಅವರ ಪಕ್ಕ ಜಗುಲಿಯ ಮೇಲೆ ಕುಳಿತುಕೊಳ್ಳಿ. “ಅಜ್ಜಿ, ನಿಮ್ಮ ಅಜ್ಜಿ ಯಾವೂರಿನವರು?” ಎಂದು ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.